ಎಳೆಯ ಕ್ವಾರ್ಟರ್‌ಬ್ಯಾಕ್ ಮತ್ತು ಅವಸರದ ತೀರ್ಪು: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ನೆಲೆಸಿರುವ ಅನೇಕ ಕನ್ನಡ ಮನೆಗಳಲ್ಲಿ ಸೆಪ್ಟೆಂಬರಿನಿಂದ ಜನವರಿಯವರೆಗಿನ ಭಾನುವಾರಗಳು ಈಗ ಅಮೆರಿಕನ್ ಫುಟ್‌ಬಾಲಿಗೆ ಮೀಸಲಾಗಿವೆ. ಮಕ್ಕಳು ಶಾಲೆಯ ಗೆಳೆಯರಿಂದ ಈ ಆಟದ ಹುಚ್ಚು ಹಚ್ಚಿಸಿಕೊಂಡು ಬರುತ್ತಾರೆ. ಕ್ರಿಕೆಟ್ ನೋಡಿ ಬೆಳೆದ ತಂದೆತಾಯಿಯರು ಪಕ್ಕದಲ್ಲಿ ಕುಳಿತು, ಇಪ್ಪತ್ತೆರಡು ವರ್ಷದ ಹುಡುಗನೊಬ್ಬನನ್ನು ಟಿವಿಯಲ್ಲಿ ನಾಲ್ವರು ಸೇರಿ ಹೀಗೇಕೆ ಅಳೆದು ತೂಗುತ್ತಿದ್ದಾರೆ ಎಂದು ಕೇಳುತ್ತಾರೆ. ಈ ಆಟವನ್ನು ಹಲವು ವರ್ಷಗಳಿಂದ ಗಮನಿಸುತ್ತ ಬಂದಿರುವ ನನಗೆ ಮಾತುಕತೆಯಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟು ಇಲ್ಲಿ ಉತ್ತರಿಸಿದ್ದೇನೆ.

## ಆಟಕ್ಕೆ ಹೊಸಬರಾದವರು ಕೇಳುವುದು

ತಂಡದಲ್ಲಿ ಹನ್ನೊಂದು ಜನ ಇರುವಾಗ ಕ್ವಾರ್ಟರ್‌ಬ್ಯಾಕ್ ಒಬ್ಬನ ಮೇಲೆಯೇ ಎಲ್ಲರ ಕಣ್ಣು ಯಾಕೆ?

ಚೆಂಡು ಹಿಡಿದ ತಂಡಕ್ಕೆ 10 ಗಜ ಮುಂದೆ ಸಾಗಲು ನಾಲ್ಕು ಯತ್ನಗಳಿರುತ್ತವೆ, ಮತ್ತು ಹೆಚ್ಚುಕಡಿಮೆ ಪ್ರತಿ ಯತ್ನದಲ್ಲೂ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್‌ನ ಕೈಗೆ. ಕೋಚ್ ಹೇಳುವ ಯೋಜನೆಯನ್ನು ಅವನು ಹೆಲ್ಮೆಟ್ಟಿನೊಳಗಿನ ರೇಡಿಯೊದಲ್ಲಿ ಕೇಳಿಸಿಕೊಳ್ಳುತ್ತಾನೆ. ಪ್ರತಿ ಯತ್ನವನ್ನು ಆರಂಭಿಸಲು ಕೊಡುವ ಸಮಯದಲ್ಲಿ 15 ಸೆಕೆಂಡು ಉಳಿದಾಗ ಆ ರೇಡಿಯೊ ತಾನಾಗಿ ನಿಂತುಹೋಗುತ್ತದೆ. ಅಲ್ಲಿಂದ ಮುಂದೆ ಎದುರಾಳಿಗಳು ನಿಂತ ಬಗೆಯನ್ನು ಓದುವುದು, ಬೇಕಾದರೆ ಯೋಜನೆಯನ್ನೇ ಬದಲಿಸುವುದು, ಚೆಂಡು ಕೈಗೆ ಬಂದ ಎರಡೂವರೆಯಿಂದ ಮೂರು ಸೆಕೆಂಡಿನೊಳಗೆ ಯಾರಿಗೆ ಎಸೆಯಬೇಕೆಂದು ನಿರ್ಧರಿಸುವುದು ಎಲ್ಲವೂ ಅವನೊಬ್ಬನ ಹೊಣೆ. ಕ್ರಿಕೆಟ್ಟಿನಲ್ಲಿ ನಾಯಕ, ಆರಂಭಿಕ ಬ್ಯಾಟರ್ ಮತ್ತು ವಿಕೆಟ್‌ಕೀಪರ್ ಮೂವರ ಹೊರೆಯನ್ನೂ ಒಬ್ಬನೇ ಪ್ರತಿ ಎಸೆತದಲ್ಲಿ ಹೊತ್ತರೆ ಹೇಗಿರುತ್ತದೆ ಎಂದು ಊಹಿಸಿಕೊಳ್ಳಿ.

ಡ್ರಾಫ್ಟ್ ಅಂದರೆ ಐಪಿಎಲ್ ಹರಾಜಿನ ಹಾಗೆಯೇ?

ಅಲ್ಲ. ಡ್ರಾಫ್ಟಿನಲ್ಲಿ ಕೂಗಾಟವೂ ಇಲ್ಲ, ಹಣದ ಪೈಪೋಟಿಯೂ ಇಲ್ಲ. ಕಾಲೇಜು ಆಟದಿಂದ ಬರುವ ಹುಡುಗರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುತ್ತವೆ. ಹಿಂದಿನ ವರ್ಷ ಅತಿ ಹೆಚ್ಚು ಸೋತ ತಂಡಕ್ಕೆ ಮೊದಲ ಸರದಿ. ತಂಡಗಳ ನಡುವೆ ಸಮತೋಲ ಇರಲಿ ಎಂಬುದು ಇದರ ಉದ್ದೇಶ. ಆದರೆ ಇದರಿಂದ ಆಗುವ ಇನ್ನೊಂದು ಪರಿಣಾಮವನ್ನು ಮನಸ್ಸಿನಲ್ಲಿಟ್ಟುಕೊಳ್ಳದಿದ್ದರೆ ಮುಂದಿನ ಯಾವ ಉತ್ತರವೂ ಸರಿಯಾಗಿ ಅರ್ಥವಾಗುವುದಿಲ್ಲ: ಅತ್ಯಂತ ಭರವಸೆಯ ಹುಡುಗ ಸಾಮಾನ್ಯವಾಗಿ ಅತ್ಯಂತ ದುರ್ಬಲ ತಂಡಕ್ಕೆ ಹೋಗಿ ಬೀಳುತ್ತಾನೆ. ಅವನ ಮುಂದೆ ನಿಂತು ಕಾಯುವ ಲೈನ್ ಸೋರುತ್ತಿರುತ್ತದೆ, ಚೆಂಡು ಹಿಡಿಯುವ ರಿಸೀವರ್‌ಗಳು ಸಾಧಾರಣರಾಗಿರುತ್ತಾರೆ, ಕೋಚ್‌ನ ಕೆಲಸವೇ ಅಲುಗಾಡುತ್ತಿರುತ್ತದೆ.

ತೀರ್ಪು ಕೊಡುವ ಈ ವಿಮರ್ಶಕರು ಯಾರು?

ಇವರನ್ನು ಒಂದೇ ಗುಂಪೆಂದು ನೋಡುವುದು ಸರಿಯಲ್ಲ. ಟಿವಿಯಲ್ಲಿ ಮಾತನಾಡುವ ಮಾಜಿ ಆಟಗಾರರು, ಕಾಲೇಜು ಆಟಗಾರರನ್ನು ವರ್ಷವಿಡೀ ನೋಡಿ ವರದಿ ಬರೆಯುವ ಡ್ರಾಫ್ಟ್ ಪರಿಣತರು, ಅಂಕಿ ಅಂಶದವರು, ಒಂದೇ ತಂಡದ ಬೆನ್ನು ಹತ್ತಿರುವ ಸ್ಥಳೀಯ ವರದಿಗಾರರು, ಇವರೆಲ್ಲ ಬೇರೆ ಬೇರೆ ಪುರಾವೆಯ ಮೇಲೆ ಮಾತನಾಡುತ್ತಾರೆ. ನನ್ನ ಅನುಭವದಲ್ಲಿ ಅತಿ ಹೆಚ್ಚು ಕಲಿಯಲು ಸಿಗುವುದು ಸ್ಥಳೀಯ ವರದಿಗಾರರಿಂದ; ಅವರು ಪ್ರತಿದಿನದ ಅಭ್ಯಾಸವನ್ನೂ ನೋಡಿರುತ್ತಾರೆ.

## ಮೊದಲ ವರ್ಷಗಳ ಲೆಕ್ಕ

'ಬೆಳೆಯುವ ಸಿರಿ ಮೊಳಕೆಯಲ್ಲಿ' ಅಂತಾರಲ್ಲ, ಮೊದಲ ವರ್ಷವೇ ಎಡವಿದವನು ಮುಂದೆ ಏನು ಮಾಡಿಯಾನು?

ಈ ಸ್ಥಾನದ ಮಟ್ಟಿಗೆ ಗಾದೆ ಅಷ್ಟಾಗಿ ಹೊಂದುವುದಿಲ್ಲ. ಟೆರಿ ಬ್ರ್ಯಾಡ್‌ಶಾ 1970ರಲ್ಲಿ ತನ್ನ ಮೊದಲ ವರ್ಷ 6 ಟಚ್‌ಡೌನ್ ಪಾಸ್ (ಎದುರಾಳಿಯ ಕೊನೆಯ ಗೆರೆ ದಾಟಿಸಿ ಅಂಕ ತರುವ ಎಸೆತ) ಎಸೆದು, 24 ಬಾರಿ ಚೆಂಡನ್ನು ನೇರ ಎದುರಾಳಿಯ ಕೈಗೆ ಕೊಟ್ಟ, ಅಂದರೆ ಇಂಟರ್‌ಸೆಪ್ಷನ್ ಎಸೆದ. ಆಮೇಲೆ ಎನ್‌ಎಫ್‌ಎಲ್ ಎಂಬ ವೃತ್ತಿಪರ ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲನ್ನು ನಾಲ್ಕು ಬಾರಿ ಗೆದ್ದ. ಟ್ರಾಯ್ ಏಕ್‌ಮನ್ 1989ರಲ್ಲಿ ಆರಂಭಿಕನಾಗಿ ಆಡಿದ 11 ಪಂದ್ಯಗಳಲ್ಲಿ ಹನ್ನೊಂದನ್ನೂ ಸೋತ. ಆಮೇಲೆ ಮೂರು ಸೂಪರ್ ಬೌಲ್ ಗೆದ್ದ. ಪೇಟನ್ ಮ್ಯಾನಿಂಗ್ 1998ರಲ್ಲಿ 28 ಇಂಟರ್‌ಸೆಪ್ಷನ್ ಎಸೆದದ್ದು ಹೊಸಬರ ಮಟ್ಟಿಗೆ ಇಂದಿಗೂ ದಾಖಲೆ. ಆ ವರ್ಷ ಅವನ ಇಂಡಿಯಾನಪೊಲಿಸ್ ಕೋಲ್ಟ್ಸ್ ತಂಡ 3 ಗೆದ್ದು 13 ಸೋತಿತು, ಮರುವರ್ಷ 13 ಗೆದ್ದು 3 ಸೋತಿತು.

ತದ್ವಿರುದ್ಧವಾದ ಉದಾಹರಣೆಯೂ ಇದೆ. 2018ರಲ್ಲಿ ಮೊದಲ ಸುತ್ತಿನಲ್ಲೇ ಐವರು ಕ್ವಾರ್ಟರ್‌ಬ್ಯಾಕ್‌ಗಳು ಆಯ್ಕೆಯಾದರು: ಬೇಕರ್ ಮೇಫೀಲ್ಡ್ 1ನೆಯವ, ಸ್ಯಾಮ್ ಡಾರ್ನಲ್ಡ್ 3, ಜೋಶ್ ಆಲನ್ 7, ಜೋಶ್ ರೋಸನ್ 10, ಲಮಾರ್ ಜ್ಯಾಕ್ಸನ್ 32. ಆ ವರ್ಷದ ಕೊನೆಗೆ ಎಲ್ಲರ ಬಾಯಲ್ಲೂ ಇದ್ದ ಹೆಸರು ಮೇಫೀಲ್ಡ್. ಅವನ 27 ಟಚ್‌ಡೌನ್ ಪಾಸ್ ಆಗ ಹೊಸಬರ ದಾಖಲೆಯಾಗಿತ್ತು. ನಾಲ್ಕು ವರ್ಷದ ನಂತರ ಅವನನ್ನು ಎರಡನೆಯ ತಂಡವೂ ಕೈಬಿಟ್ಟಿತ್ತು. ಅದಾದ ಮೇಲೆ ಟ್ಯಾಂಪಾ ಬೇ ತಂಡಕ್ಕೆ ಹೋಗಿ, 2024ರಲ್ಲಿ 41 ಟಚ್‌ಡೌನ್ ಪಾಸ್ ಎಸೆದ. ಒಂದೇ ಮನುಷ್ಯನ ಬಗ್ಗೆ ಏಳು ವರ್ಷಗಳಲ್ಲಿ ಮೂರು ತೀರ್ಪುಗಳು ಬಂದವು, ಮೂರನ್ನೂ ಅಷ್ಟೇ ಖಚಿತ ದನಿಯಲ್ಲಿ ಹೇಳಲಾಯಿತು.

ಜೋಶ್ ಆಲನ್ ವಿಷಯದಲ್ಲಿ ಎಲ್ಲರೂ ತಪ್ಪಿದರು ಅಂತಾರೆ. ನಿಜವಾಗಿ ಆಗಿದ್ದೇನು?

ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಇವತ್ತು ಯಾವ ಹೊಸ ಹುಡುಗ ಎಡವಿದರೂ ಅವನ ಅಭಿಮಾನಿಗಳು ಆಲನ್ ಹೆಸರನ್ನೇ ಸಾಕ್ಷಿಗೆ ಕರೆಯುತ್ತಾರೆ.

ಆಲನ್ ಕ್ಯಾಲಿಫೋರ್ನಿಯಾದ ಫೈರ್‌ಬಾ ಎಂಬ ಸಣ್ಣ ಊರಿನ ರೈತ ಮನೆತನದವನು. ಹೈಸ್ಕೂಲು ಮುಗಿಸಿದಾಗ ದೊಡ್ಡ ವಿಶ್ವವಿದ್ಯಾಲಯಗಳು ಅವನನ್ನು ಕರೆಯಲಿಲ್ಲ. ರೀಡ್ಲಿ ಕಾಲೇಜಿನಲ್ಲಿ ಒಂದು ವರ್ಷ ಆಡಿ ವಯೋಮಿಂಗ್ ವಿಶ್ವವಿದ್ಯಾಲಯ ಸೇರಿದ. ಅವನ ತೋಳಿನ ಬಲದ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ. ಅನುಮಾನ ಇದ್ದದ್ದು ಗುರಿಯ ಬಗ್ಗೆ. ಕಾಲೇಜಿನಲ್ಲಿ ಅವನು ಎಸೆದ ಪಾಸ್‌ಗಳಲ್ಲಿ ರಿಸೀವರ್‌ನ ಕೈಸೇರಿದ್ದು ಶೇಕಡಾ 56ರಷ್ಟು ಮಾತ್ರ. ಕಾಲೇಜಿನಲ್ಲೇ ಗುರಿ ತಪ್ಪುವವನು ಎನ್‌ಎಫ್‌ಎಲ್‌ಗೆ ಬಂದು ನಿಖರನಾಗುವುದು ತೀರಾ ಅಪರೂಪ ಎಂದು ಅಂಕಿ ಅಂಶದವರು ಎಚ್ಚರಿಸಿದರು. 2011ರಲ್ಲಿ 8ನೆಯವನಾಗಿ ಆಯ್ಕೆಯಾಗಿ ನಾಲ್ಕೇ ಋತುಗಳಲ್ಲಿ ಆಟ ಬಿಟ್ಟ ಜೇಕ್ ಲಾಕರ್‌ನನ್ನು ನೆನಪಿಸಿದರು. ಆ ಎಚ್ಚರಿಕೆಯಲ್ಲಿ ಹುರುಳಿತ್ತು.

ಮೊದಲ ವರ್ಷ ಅವರ ಮಾತೇ ನಿಜವಾದಂತೆ ಕಂಡಿತು. 2018ರ ಸೆಪ್ಟೆಂಬರ್ 9ರಂದು ಬಾಲ್ಟಿಮೋರಿನಲ್ಲಿ ಅವನ ಬಫಲೋ ಬಿಲ್ಸ್ ತಂಡ 47-3ರಿಂದ ಸೋತ ಪಂದ್ಯದ ಮಧ್ಯದಲ್ಲಿ ಅವನನ್ನು ಕಣಕ್ಕಿಳಿಸಲಾಯಿತು. ಎರಡು ವಾರದ ಮೇಲೆ ಮಿನೆಸೋಟದಲ್ಲಿ, ಯಾರೂ ಗೆಲುವನ್ನು ನಿರೀಕ್ಷಿಸದಿದ್ದ ಪಂದ್ಯದಲ್ಲಿ, ಚೆಂಡನ್ನು ಕಂಕುಳಲ್ಲಿಟ್ಟು ಓಡುತ್ತಿದ್ದವನು ತನ್ನಷ್ಟೇ ಎತ್ತರದ, ಲೈನ್‌ಬ್ಯಾಕರ್ ಎಂಬ ರಕ್ಷಣಾ ಸ್ಥಾನದ ಆಂಥೊನಿ ಬಾರ್‌ನನ್ನು ಬೇಲಿ ಹಾರುವಂತೆ ಹಾರಿ ದಾಟಿದ. ತಂಡ 27-6ರಿಂದ ಗೆದ್ದಿತು. ಋತು ಮುಗಿದಾಗ ಲೆಕ್ಕ ಹೀಗಿತ್ತು: 10 ಟಚ್‌ಡೌನ್ ಪಾಸ್, 12 ಇಂಟರ್‌ಸೆಪ್ಷನ್, ಕೈಸೇರಿದ ಪಾಸ್ ಶೇಕಡಾ 52.8. ಎರಡನೆಯ ವರ್ಷ ಅದು 58.8ಕ್ಕೆ ಏರಿತು. ಆ ಋತುವಿನ ಕೊನೆಯಲ್ಲಿ, 2020ರ ಜನವರಿ 4ರಂದು ಹ್ಯೂಸ್ಟನ್ನಿನಲ್ಲಿ ನಡೆದ ಪ್ಲೇಆಫ್ ಪಂದ್ಯದಲ್ಲಿ 16-0 ಮುಂದಿದ್ದ ಬಿಲ್ಸ್ ಕೊನೆಗೆ 22-19ರಿಂದ ಸೋತಿತು. ಓಡುತ್ತ ಓಡುತ್ತ, ಎದುರಾಳಿಗಳು ಮುತ್ತುತ್ತಿದ್ದಂತೆ, ಆಲನ್ ಪಕ್ಕದಲ್ಲಿದ್ದ ಜೊತೆಗಾರ ಡಾಸನ್ ನಾಕ್ಸ್‌ನತ್ತ ಚೆಂಡನ್ನು ಹಿಂದಕ್ಕೆ ತೂರಿದ ಆ ಒಂದು ಕ್ಷಣವನ್ನು ಟಿವಿಯಲ್ಲಿ ಎಷ್ಟು ಬಾರಿ ತೋರಿಸಿದರೋ ಲೆಕ್ಕವಿಲ್ಲ. ಇವನಿಗೆ ಪಂದ್ಯದ ಪ್ರಜ್ಞೆಯೇ ಇಲ್ಲ ಎಂಬುದಕ್ಕೆ ಅದೇ ಪುರಾವೆಯಾಯಿತು.

ಮೂರನೆಯ ವರ್ಷ ಶೇಕಡಾ 69.2, 37 ಟಚ್‌ಡೌನ್ ಪಾಸ್, 10 ಇಂಟರ್‌ಸೆಪ್ಷನ್, ತಂಡಕ್ಕೆ 13 ಗೆಲುವು. 2024ರ ಋತುವಿನಲ್ಲಿ ಅವನೇ ಲೀಗಿನ ಅತ್ಯಮೂಲ್ಯ ಆಟಗಾರ.

ಈ ಬದಲಾವಣೆಗೆ ಒಂದೇ ಕಾರಣ ಹುಡುಕಿದರೆ ಸಿಗುವುದಿಲ್ಲ. 2018ಕ್ಕೆ ಮೊದಲು ಬಿಲ್ಸ್‌ನ ಲೈನಿನಿಂದ ಮೂವರು ಅನುಭವಿಗಳು ಹೊರಹೋಗಿದ್ದರು. 2019ಕ್ಕೆ ಲೈನಿನ ನಡುವೆ ನಿಲ್ಲುವ ಸೆಂಟರ್ ಮಿಚ್ ಮೋರ್ಸ್, ರಿಸೀವರ್‌ಗಳಾದ ಜಾನ್ ಬ್ರೌನ್ ಮತ್ತು ಕೋಲ್ ಬೀಸ್ಲಿ ಬಂದರು. 2020ಕ್ಕೆ ಸ್ಟೆಫನ್ ಡಿಗ್ಸ್ ಬಂದು ಆ ವರ್ಷ 127 ಪಾಸ್ ಹಿಡಿದು ಲೀಗಿಗೇ ಮೊದಲಿಗನಾದ. ದಾಳಿಯ ಯೋಜನೆ ಹೆಣೆಯುವ ಕೋಚ್ ಬ್ರಯನ್ ಡೇಬೋಲ್ ನಾಲ್ಕೂ ವರ್ಷ ಬದಲಾಗಲಿಲ್ಲ. ಇವೆಲ್ಲದರ ಜೊತೆಗೆ ಆಲನ್ ಬಿಡುವಿನ ತಿಂಗಳುಗಳಲ್ಲಿ ಜೋರ್ಡನ್ ಪಾಮರ್ ಎಂಬ ಮಾಜಿ ಕ್ವಾರ್ಟರ್‌ಬ್ಯಾಕ್‌ನ ಬಳಿ ತನ್ನ ಎಸೆತದ ಕ್ರಮವನ್ನು ಮತ್ತೆ ಮತ್ತೆ ತಿದ್ದಿಕೊಂಡ.

ಆದ್ದರಿಂದ ನನ್ನ ಉತ್ತರ ಇದು: ವಿಮರ್ಶಕರು ಕಂಡದ್ದು ತಪ್ಪಾಗಿರಲಿಲ್ಲ. ಆಲನ್ ಗುರಿ ತಪ್ಪುತ್ತಿದ್ದುದು ನಿಜ. ಅದು ಅವನ ಹುಟ್ಟುಗುಣ, ತಿದ್ದಲಾಗದು ಎಂದು ಬಗೆದದ್ದು ತಪ್ಪು.

ಲೈನ್ ಸರಿಯಿಲ್ಲ, ಕೋಚ್ ಸರಿಯಿಲ್ಲ ಅನ್ನೋದು 'ಕುಣಿಯಲಾರದವಳು ನೆಲ ಡೊಂಕು ಅಂದಳು' ಅನ್ನೋ ಹಾಗಲ್ಲವೇ?

ಕೆಲವೊಮ್ಮೆ ನೆಲ ನಿಜವಾಗಿಯೂ ಡೊಂಕಾಗಿರುತ್ತದೆ. 2002ರಲ್ಲಿ ಹೊಸದಾಗಿ ಹುಟ್ಟಿದ ಹ್ಯೂಸ್ಟನ್ ಟೆಕ್ಸನ್ಸ್ ತಂಡ ತನ್ನ ಮೊದಲ ಆಯ್ಕೆಯಾಗಿ ಡೇವಿಡ್ ಕಾರ್‌ನನ್ನು ತಂದು ನಿಲ್ಲಿಸಿತು. ಆ ಒಂದೇ ಋತುವಿನಲ್ಲಿ ಅವನನ್ನು ಚೆಂಡು ಕೈಯಲ್ಲಿರುವಾಗಲೇ ನೆಲಕ್ಕೆ ಕೆಡವಿದ್ದು, ಅಂದರೆ ಸ್ಯಾಕ್ ಮಾಡಿದ್ದು, 76 ಬಾರಿ. ಲೀಗಿನ ಇತಿಹಾಸದಲ್ಲಿ ಅದೇ ದಾಖಲೆ. ಇಷ್ಟು ಪೆಟ್ಟು ತಿಂದವನ ಕಣ್ಣು ದೂರದ ರಿಸೀವರ್‌ಗಿಂತ ಹತ್ತಿರ ನುಗ್ಗಿ ಬರುವವರ ಕಡೆಗೇ ಹೊರಳುವುದು ಸಹಜ, ಆ ಅಭ್ಯಾಸ ಒಮ್ಮೆ ಮೈಗೆ ಹತ್ತಿದರೆ ಲೈನ್ ಸುಧಾರಿಸಿದ ಮೇಲೂ ಬಿಡುವುದು ಕಷ್ಟ.

ಕೋಚ್‌ನ ಪಾತ್ರವಂತೂ ಕಣ್ಣಿಗೆ ಕಟ್ಟಿದಂತಿದೆ. ಟ್ರೆವರ್ ಲಾರೆನ್ಸ್ 2021ರಲ್ಲಿ ಜ್ಯಾಕ್ಸನ್‌ವಿಲ್ ತಂಡಕ್ಕೆ ಬಂದಾಗ ಮುಖ್ಯ ಕೋಚ್ ಆಗಿದ್ದ ಅರ್ಬನ್ ಮೇಯರ್‌ರನ್ನು 13 ಪಂದ್ಯಗಳಿಗೇ ತೆಗೆದುಹಾಕಲಾಯಿತು. ಹುಡುಗನ ಲೆಕ್ಕ 12 ಟಚ್‌ಡೌನ್, 17 ಇಂಟರ್‌ಸೆಪ್ಷನ್. ಮರುವರ್ಷ ಡಗ್ ಪೀಡರ್ಸನ್ ಬಂದರು. ಲೆಕ್ಕ 25ಕ್ಕೆ 8 ಆಯಿತು. ಅದೇ ವರ್ಷದ ಡ್ರಾಫ್ಟಿನ ಮ್ಯಾಕ್ ಜೋನ್ಸ್ ಕಥೆ ಉಲ್ಟಾ. ನ್ಯೂ ಇಂಗ್ಲೆಂಡ್ ತಂಡದಲ್ಲಿ ಮೊದಲ ವರ್ಷ ಚೆನ್ನಾಗಿ ಆಡಿ ಹೊಗಳಿಸಿಕೊಂಡ. ಅವನನ್ನು ತಿದ್ದುತ್ತಿದ್ದ ಜೋಶ್ ಮೆಕ್‌ಡ್ಯಾನಿಯಲ್ಸ್ ಬೇರೆ ತಂಡಕ್ಕೆ ಹೋದ ಮೇಲೆ, ರಕ್ಷಣೆಯ ಕಡೆ ಹೆಸರು ಮಾಡಿದ್ದ ಮ್ಯಾಟ್ ಪ್ಯಾಟ್ರಿಷಿಯಾ ಕೈಗೆ ದಾಳಿಯ ಯೋಜನೆ ಬಂತು. ಹುಡುಗ ಇಳಿಯುತ್ತ ಹೋಗಿ 2024ರ ಹೊತ್ತಿಗೆ ತಂಡದಿಂದಲೇ ಹೊರಬಿದ್ದ.

ಆದರೂ ನಿಮ್ಮ ಗಾದೆಗೆ ಜಾಗವಿದೆ. ಎಲ್ಲ ಸ್ಯಾಕ್‌ಗಳೂ ಲೈನಿನ ತಪ್ಪಲ್ಲ. ಚೆಂಡನ್ನು ಬಿಡಬೇಕಾದ ಹೊತ್ತಿಗೆ ಬಿಡದೆ, ಇನ್ನೇನೋ ಒಳ್ಳೆಯದು ಕಾಣಬಹುದೆಂದು ಕಾಯುವ ಕ್ವಾರ್ಟರ್‌ಬ್ಯಾಕ್ ತಾನಾಗಿಯೇ ಪೆಟ್ಟು ಬರಮಾಡಿಕೊಳ್ಳುತ್ತಾನೆ. 2024ರಲ್ಲಿ ಶಿಕಾಗೋದ ಕೇಲಬ್ ವಿಲಿಯಮ್ಸ್ 68 ಬಾರಿ ಕೆಳಗೆ ಬಿದ್ದಾಗ ವಿಮರ್ಶಕರು ತಪ್ಪನ್ನು ಎರಡೂ ಕಡೆ ಹಂಚಿದರು, ಅದು ಸರಿಯಾಗಿತ್ತು.

ಮೊದಲ ವರ್ಷ ಬೆಂಚಿನಲ್ಲಿ ಕೂರಿಸುವುದು ಒಳ್ಳೆಯದೋ, ನೇರ ಆಡಿಸುವುದೋ?

ಎರಡಕ್ಕೂ ಉದಾಹರಣೆಗಳಿವೆ. ಗ್ರೀನ್ ಬೇ ತಂಡ ಆರನ್ ರಾಜರ್ಸ್‌ನನ್ನು 2005ರಿಂದ ಮೂರು ವರ್ಷ ಬ್ರೆಟ್ ಫಾರ್ವ್ ಹಿಂದೆ ಕೂರಿಸಿತು, ಮುಂದೆ ಜೋರ್ಡನ್ ಲವ್‌ನನ್ನು ಅಷ್ಟೇ ಕಾಲ ರಾಜರ್ಸ್ ಹಿಂದೆ ಕೂರಿಸಿತು. ಪ್ಯಾಟ್ರಿಕ್ ಮಹೋಮ್ಸ್ 2017ರಲ್ಲಿ ಒಂದೇ ಪಂದ್ಯದಲ್ಲಿ ಆರಂಭಿಕನಾಗಿ ಆಡಿ, ಮರುವರ್ಷ 50 ಟಚ್‌ಡೌನ್ ಪಾಸ್ ಎಸೆದ. ಆದರೆ ಮೊದಲ ದಿನದಿಂದಲೇ ಆಡಿ ಕಲಿತ ಮ್ಯಾನಿಂಗ್ ಕೂಡ ಇದ್ದಾನೆ. ಕೂರಿಸಿದವರೆಲ್ಲ ಅನುಭವಿ ಕ್ವಾರ್ಟರ್‌ಬ್ಯಾಕ್ ಇದ್ದ ತಂಡಗಳಲ್ಲಿದ್ದರು ಎಂಬುದನ್ನು ಗಮನಿಸಬೇಕು. ಒಳ್ಳೆಯ ಹಿರಿಯ ಕ್ವಾರ್ಟರ್‌ಬ್ಯಾಕ್ ಇಲ್ಲದ ತಂಡಕ್ಕೆ ಕಾಯುವ ಅನುಕೂಲವೇ ಇರುವುದಿಲ್ಲ.

ಮೂರು ವರ್ಷಕ್ಕೇ ಎಲ್ಲ ತೀರ್ಮಾನ ಯಾಕೆ? ಇಷ್ಟು ಅವಸರ ಏನಿದೆ?

ಅವಸರದ ಬೇರು ಹಣದಲ್ಲಿದೆ. 2010ರಲ್ಲಿ ಮೊದಲಿಗನಾಗಿ ಆಯ್ಕೆಯಾದ ಸ್ಯಾಮ್ ಬ್ರ್ಯಾಡ್‌ಫರ್ಡ್‌ಗೆ ಆರು ವರ್ಷಕ್ಕೆ 7 ಕೋಟಿ 80 ಲಕ್ಷ ಡಾಲರಿನ ಒಪ್ಪಂದ ಸಿಕ್ಕಿತ್ತು. 2011ರಲ್ಲಿ ಆಟಗಾರರ ಸಂಘ ಮತ್ತು ಲೀಗಿನ ನಡುವೆ ಹೊಸ ಒಪ್ಪಂದವಾಗಿ, ಹೊಸಬರ ಸಂಬಳಕ್ಕೆ ಮಿತಿ ಬಂತು; ಆ ವರ್ಷದ ಮೊದಲಿಗ ಕ್ಯಾಮ್ ನ್ಯೂಟನ್‌ಗೆ ಸಿಕ್ಕಿದ್ದು ನಾಲ್ಕು ವರ್ಷಕ್ಕೆ ಸುಮಾರು 2 ಕೋಟಿ 20 ಲಕ್ಷ. ಇದರಿಂದ ಒಳ್ಳೆಯ ಎಳೆಯ ಕ್ವಾರ್ಟರ್‌ಬ್ಯಾಕ್ ಇರುವ ತಂಡಕ್ಕೆ ಕೆಲವು ವರ್ಷ ಭಾರೀ ಉಳಿತಾಯ; ಉಳಿದ ಹಣದಲ್ಲಿ ಸುತ್ತಲಿನ ತಂಡವನ್ನು ಕಟ್ಟಬಹುದು. ಮೊದಲ ಸುತ್ತಿನವರಿಗೆ ಐದನೆಯ ವರ್ಷವನ್ನು ಸೇರಿಸುವ ಹಕ್ಕು ತಂಡಕ್ಕಿದೆ, ಅದನ್ನು ಮೂರನೆಯ ಋತು ಮುಗಿದ ಬೇಸಿಗೆಯ ಆರಂಭದಲ್ಲೇ ನಿರ್ಧರಿಸಬೇಕು. ನಂತರದ ಒಪ್ಪಂದ ಬೇರೆಯೇ ಲೋಕ: ಆಲನ್ 2021ರಲ್ಲಿ ಸಹಿ ಮಾಡಿದ್ದು ಆರು ವರ್ಷಕ್ಕೆ 25 ಕೋಟಿ 80 ಲಕ್ಷ ಡಾಲರಿಗೆ. ಕಲಿಯಲು ಹುಡುಗನಿಗೆ ಬೇಕಾಗುವ ಕಾಲಕ್ಕೂ ತಂಡದ ಲೆಕ್ಕಪತ್ರ ಕೊಡುವ ಕಾಲಕ್ಕೂ ಹೊಂದಾಣಿಕೆಯೇ ಇಲ್ಲ, ವಿಮರ್ಶಕರ ಗಡಿಯಾರ ಓಡುವುದು ಲೆಕ್ಕಪತ್ರದ ಗಡಿಯಾರದ ಜೊತೆ.

## ಅಳತೆಗೋಲುಗಳ ಬಗ್ಗೆ

ಪಾಸರ್ ರೇಟಿಂಗ್, ಕ್ಯುಬಿಆರ್, ಇಪಿಎ... ಇವುಗಳಲ್ಲಿ ಯಾವುದನ್ನು ನಂಬಬೇಕು?

ಪಾಸರ್ ರೇಟಿಂಗ್ 1973ರಿಂದ ಬಳಕೆಯಲ್ಲಿರುವ ಹಳೆಯ ಅಳತೆ. ಕೈಸೇರಿದ ಪಾಸ್‌ಗಳ ಪ್ರಮಾಣ, ಪ್ರತಿ ಎಸೆತಕ್ಕೆ ಸಿಕ್ಕ ಗಜ, ಟಚ್‌ಡೌನ್ ಪ್ರಮಾಣ, ಇಂಟರ್‌ಸೆಪ್ಷನ್ ಪ್ರಮಾಣ, ಈ ನಾಲ್ಕನ್ನು ಕೂಡಿಸಿ ಲೆಕ್ಕ ಹಾಕುತ್ತಾರೆ; ಗರಿಷ್ಠ ಅಂಕ 158.3. ಸ್ಯಾಕ್ ಮತ್ತು ಓಟ ಎರಡೂ ಅದರಲ್ಲಿ ಇಲ್ಲವಾದ್ದರಿಂದ ಆಲನ್, ಜ್ಯಾಕ್ಸನ್ ಅಂಥವರ ಅರ್ಧ ಆಟ ಅದಕ್ಕೆ ಕಾಣುವುದೇ ಇಲ್ಲ. ಇಎಸ್‌ಪಿಎನ್ 2011ರಲ್ಲಿ ತಂದ ಕ್ಯುಬಿಆರ್ ಇವೆರಡನ್ನೂ ಲೆಕ್ಕಕ್ಕೆ ತೆಗೆದುಕೊಂಡು ಸೊನ್ನೆಯಿಂದ ನೂರರೊಳಗೆ ಅಂಕ ಕೊಡುತ್ತದೆ. ಇಪಿಎ ಎಂಬುದು ಪ್ರತಿ ಯತ್ನದ ಮೊದಲು ಮತ್ತು ನಂತರ ತಂಡ ಎಷ್ಟು ಅಂಕ ಗಳಿಸುವ ಸ್ಥಿತಿಯಲ್ಲಿತ್ತು ಎಂಬುದರ ವ್ಯತ್ಯಾಸ. ಮೂರನೆಯ ಯತ್ನದಲ್ಲಿ 9 ಗಜ ಬೇಕಿದ್ದಾಗ ಎಸೆದ 5 ಗಜದ ಪಾಸ್ ಹಳೆಯ ಲೆಕ್ಕದಲ್ಲಿ ಪುಣ್ಯ, ಇಪಿಎ ಲೆಕ್ಕದಲ್ಲಿ ನಷ್ಟ. ನಾನು ಇಪಿಎಯನ್ನು ಹೆಚ್ಚು ನೆಚ್ಚುತ್ತೇನೆ, ಆದರೆ ಅದು ಹೇಳುವುದು ಹನ್ನೊಂದು ಜನ ಸೇರಿ ಮಾಡಿದ್ದನ್ನು ಎಂಬುದನ್ನು ಮರೆಯುವುದಿಲ್ಲ. ಒಂದು ಋತುವಿನಲ್ಲಿ 17 ಪಂದ್ಯ ಮಾತ್ರ. ಐದಾರು ಪಂದ್ಯದ ಅಂಕಿ ಹಿಡಿದು ಒಬ್ಬನ ಹಣೆಬರಹ ಬರೆಯುವವರನ್ನು ನಂಬಬೇಡಿ.

ವಿಡಿಯೊ ನೋಡಿ ಹೇಳುವವರಿಗೆ ನಮಗೆ ಕಾಣದ್ದು ಏನು ಕಾಣುತ್ತದೆ?

ಒಂದೇ ಯತ್ನವನ್ನು ನಿಲ್ಲಿಸಿ ನಿಲ್ಲಿಸಿ ನೋಡೋಣ. ಮೂರನೆಯ ಯತ್ನ, ಬೇಕಿರುವುದು 7 ಗಜ. ಇಪ್ಪತ್ತೆರಡೂ ಜನ ಒಟ್ಟಿಗೆ ಕಾಣುವ ಎತ್ತರದ ಕ್ಯಾಮೆರಾದ ಚಿತ್ರ. ಹುಡುಗ ಚೆಂಡು ಹಿಡಿದು ಐದು ಹೆಜ್ಜೆ ಹಿಂದೆ ಸರಿಯುತ್ತಾನೆ. ಎಡಗಡೆಯ ಮೊದಲ ರಿಸೀವರ್‌ನನ್ನು ನೋಡುತ್ತಾನೆ. ಅವನಿಗೆ ಎದುರಾಳಿ ಅಂಟಿಕೊಂಡಿದ್ದಾನೆ. ನಡುವಿನವನನ್ನು ನೋಡುತ್ತಾನೆ, ದಾರಿಗೆ ಲೈನ್‌ಬ್ಯಾಕರ್ ಅಡ್ಡ ಬಂದಿದ್ದಾನೆ. ಬಲಗಡೆ ಮೂರನೆಯವನು ಬಿಡುವಾಗಿದ್ದಾನೆ, ಹುಡುಗನ ಕಣ್ಣು ಅಲ್ಲಿಗೆ ತಲುಪಿದೆ. ಆದರೆ ಚಿತ್ರ ನಿಲ್ಲಿಸಿ ಕಾಲು ನೋಡಿ: ಪಾದಗಳು ಇನ್ನೂ ಎಡಕ್ಕೇ ತಿರುಗಿವೆ. ಬರೀ ತೋಳಿನಿಂದ ಎಸೆದ ಚೆಂಡು ರಿಸೀವರ್‌ನ ಬೆನ್ನಹಿಂದೆ ಬೀಳುತ್ತದೆ. ಅಂಕಪಟ್ಟಿಯಲ್ಲಿ ಇದು ಕೈತಪ್ಪಿದ ಪಾಸ್. ಪರಿಣತ ಬರೆದುಕೊಳ್ಳುವುದು ಬೇರೆ: ಸರಿಯಾದವನನ್ನು ಹುಡುಕಿದ, ಕಾಲು ತಡವಾಯಿತು, ತಿದ್ದಬಹುದು.

ಈಗ ಅದೇ ಯತ್ನವನ್ನು ಇನ್ನೊಬ್ಬ ಹುಡುಗ ಆಡುತ್ತಾನೆ. ಅವನು ಮೊದಲ ರಿಸೀವರ್‌ನಿಂದ ಕಣ್ಣು ತೆಗೆಯುವುದೇ ಇಲ್ಲ. ಅಂಟಿಕೊಂಡ ಎದುರಾಳಿಯ ನಡುವೆಯೇ ಎಸೆಯುತ್ತಾನೆ, ರಿಸೀವರ್ ಹೋರಾಡಿ ಕಿತ್ತುಕೊಂಡು 20 ಗಜ ಗಳಿಸುತ್ತಾನೆ. ಕ್ರೀಡಾಂಗಣ ಎದ್ದು ಚಪ್ಪಾಳೆ ತಟ್ಟುತ್ತದೆ. ಪರಿಣತನ ಪುಸ್ತಕದಲ್ಲಿ ಇದಕ್ಕೆ ಕೆಂಪು ಗೆರೆ, ಏಕೆಂದರೆ ಮುಂದಿನ ವಾರ ಚುರುಕಾದ ಎದುರಾಳಿ ಸಿಕ್ಕರೆ ಇದೇ ಎಸೆತ ಇಂಟರ್‌ಸೆಪ್ಷನ್. ಒಂದೇ ಕೊರತೆಯೆಂದರೆ, ಆ ಯತ್ನದಲ್ಲಿ ಕೋಚ್ ಹುಡುಗನಿಗೆ ಏನು ಹೇಳಿದ್ದರು ಎಂಬುದು ಹೊರಗಿನವರಿಗೆ ಗೊತ್ತಾಗುವುದಿಲ್ಲ. ಹೆಸರಾಂತ ವಿಶ್ಲೇಷಕರೂ ಇಲ್ಲಿ ಮುಗ್ಗರಿಸುತ್ತಾರೆ.

ಬುದ್ಧಿಮತ್ತೆಯ ಪರೀಕ್ಷೆ ಕೂಡ ಇದೆಯಂತಲ್ಲ?

ಇಂಡಿಯಾನಪೊಲಿಸ್‌ನಲ್ಲಿ ಪ್ರತಿವರ್ಷ ನಡೆಯುವ ಕಂಬೈನ್ ಎಂಬ ಪರೀಕ್ಷಾ ಶಿಬಿರದಲ್ಲಿ 12 ನಿಮಿಷದಲ್ಲಿ 50 ಪ್ರಶ್ನೆ ಉತ್ತರಿಸುವ ವಂಡರ್ಲಿಕ್ ಪರೀಕ್ಷೆ ದಶಕಗಳ ಕಾಲ ಇತ್ತು. 2022ರಲ್ಲಿ ಅದನ್ನು ಕೈಬಿಟ್ಟರು. 2023ರಲ್ಲಿ ಬೇರೊಂದು ಪರೀಕ್ಷೆಯಲ್ಲಿ ಆ ವರ್ಷದ ಡ್ರಾಫ್ಟಿನ ಕ್ವಾರ್ಟರ್‌ಬ್ಯಾಕ್ ಸಿ. ಜೆ. ಸ್ಟ್ರೌಡ್‌ಗೆ ಕಡಿಮೆ ಅಂಕ ಬಂತೆಂಬ ಸುದ್ದಿ ಹೊರಬಿದ್ದು ದೊಡ್ಡ ಚರ್ಚೆಯಾಯಿತು. ಆ ವರ್ಷವೇ ಅವನು 23 ಟಚ್‌ಡೌನ್ ಪಾಸ್ ಎಸೆದು, ಬರೀ 5 ಇಂಟರ್‌ಸೆಪ್ಷನ್ ಕೊಟ್ಟು, ದಾಳಿ ಆಟಗಾರರಲ್ಲಿ ವರ್ಷದ ಹೊಸಬ ಪ್ರಶಸ್ತಿ ಪಡೆದ. ಗುಟ್ಟಾಗಿರಬೇಕಾದ ಹುಡುಗನೊಬ್ಬನ ಅಂಕ ಬೀದಿಗೆ ಬಂದದ್ದು ನನಗೆ ಇಂದಿಗೂ ಬೇಸರದ ವಿಷಯ.

## ವಿಮರ್ಶೆಯ ಮಾತು ಮತ್ತು ಅದರ ಪೆಟ್ಟು

'ದೆವ್ವ ಕಾಣುತ್ತಿದೆ' ಅಂದ ಹುಡುಗ ಯಾರು? ಆಮೇಲೆ ಏನಾದ?

ಸ್ಯಾಮ್ ಡಾರ್ನಲ್ಡ್. 2019ರ ಅಕ್ಟೋಬರ್ 21, ಸೋಮವಾರ ರಾತ್ರಿಯ ಪಂದ್ಯ. ನ್ಯೂಯಾರ್ಕ್ ಜೆಟ್ಸ್ ತಂಡ ನ್ಯೂ ಇಂಗ್ಲೆಂಡ್ ಎದುರು 33-0ರಿಂದ ಸೋತಿತು. ಡಾರ್ನಲ್ಡ್‌ಗೆ ಆಗ 22 ವರ್ಷ. ಆ ರಾತ್ರಿ ಅವನು ನಾಲ್ಕು ಇಂಟರ್‌ಸೆಪ್ಷನ್ ಎಸೆದ. ಪಕ್ಕದ ಬೆಂಚಿನಲ್ಲಿ ಕುಳಿತು ತನ್ನವರ ಜೊತೆ ಮಾತನಾಡುತ್ತ, ನನಗೆ ದೆವ್ವಗಳು ಕಾಣುತ್ತಿವೆ ಎಂದ. ಇಲ್ಲದ ಎದುರಾಳಿ ಇದ್ದಂತೆ ಕಂಡು ಹೆದರಿ ಎಸೆಯುವುದಕ್ಕೆ ಈ ಆಟದವರು ಬಳಸುವ ಮಾಮೂಲಿ ಮಾತು ಅದು. ಆದರೆ ಅವನ ಮೈಮೇಲೆ ಟಿವಿಯವರ ಮೈಕ್ ಇತ್ತು, ಮಾತು ದೇಶಕ್ಕೆಲ್ಲ ಕೇಳಿಸಿತು, ಮತ್ತು ವರ್ಷಗಟ್ಟಲೆ ಅವನ ಹೆಸರಿನ ಜೊತೆ ಅದೇ ಅಂಟಿಕೊಂಡಿತು. ತನ್ನ ಕಷ್ಟವನ್ನು ಪ್ರಾಮಾಣಿಕವಾಗಿ ಹೇಳಿಕೊಂಡದ್ದೇ ಅಂಜುಬುರುಕ ಎಂಬ ಹಣೆಪಟ್ಟಿಗೆ ಕಾರಣವಾಯಿತು.

ಜೆಟ್ಸ್ ಅವನನ್ನು ಮೂರು ವರ್ಷಕ್ಕೆ ಬಿಟ್ಟಿತು. ಕ್ಯಾರೊಲೈನಾದಲ್ಲಿ ಎರಡು ವರ್ಷ, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಬದಲಿ ಆಟಗಾರನಾಗಿ ಒಂದು ವರ್ಷ ಕಳೆದು, 2024ರಲ್ಲಿ ಮಿನೆಸೋಟ ತಂಡಕ್ಕೆ 14 ಗೆಲುವು ತಂದುಕೊಟ್ಟು, 35 ಟಚ್‌ಡೌನ್ ಪಾಸ್ ಎಸೆದ. ಜೆಟ್ಸ್‌ನಲ್ಲಿ ಅವನನ್ನು ನೋಡಿದವರು ಬರೆದದ್ದು ಸುಳ್ಳಾಗಿರಲಿಲ್ಲ. ಅವನ ಆಟದ ಬಗ್ಗೆ ಹೇಳಬೇಕಾದ ಮಾತನ್ನು ಅವನ ಎದೆಗಾರಿಕೆಯ ಬಗ್ಗೆ ಹೇಳಿದ್ದು ಅನ್ಯಾಯ.

ಕಪ್ಪು ಕ್ವಾರ್ಟರ್‌ಬ್ಯಾಕ್‌ಗಳನ್ನು ಬೇರೆ ಅಳತೆಗೋಲಿನಿಂದ ಅಳೆಯುತ್ತಾರೆಯೇ?

ಬಹುಕಾಲ ಹಾಗೆಯೇ ನಡೆಯಿತು, ಇದನ್ನು ಮುಚ್ಚಿಡುವಂತಿಲ್ಲ. ವಾರನ್ ಮೂನ್ 1978ರಲ್ಲಿ ಕಾಲೇಜು ಆಟದ ಪ್ರತಿಷ್ಠಿತ ರೋಸ್ ಬೌಲ್ ಪಂದ್ಯದ ಶ್ರೇಷ್ಠ ಆಟಗಾರನಾಗಿ ಬಂದರೂ ಡ್ರಾಫ್ಟಿನಲ್ಲಿ ಯಾವ ತಂಡವೂ ಅವನನ್ನು ಆರಿಸಲಿಲ್ಲ. ಕ್ವಾರ್ಟರ್‌ಬ್ಯಾಕ್ ಆಗಿಯೇ ಆಡುತ್ತೇನೆ ಎಂದು ಹಟ ಹಿಡಿದು ಕೆನಡಾದ ಎಡ್ಮಂಟನ್ ತಂಡ ಸೇರಿದ, ಅಲ್ಲಿನ ಲೀಗಿನ ಪ್ರಶಸ್ತಿಯಾದ ಗ್ರೇ ಕಪ್ಪನ್ನು ಸತತ ಐದು ಬಾರಿ ಗೆದ್ದ, 1984ರಲ್ಲಿ ಅಮೆರಿಕಕ್ಕೆ ಮರಳಿ ಹ್ಯೂಸ್ಟನ್ ತಂಡ ಸೇರಿದ, 2006ರಲ್ಲಿ ಆಟದ ಶ್ರೇಷ್ಠರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದ. ಡಗ್ ವಿಲಿಯಮ್ಸ್ 1988ರ ಜನವರಿಯಲ್ಲಿ ಸೂಪರ್ ಬೌಲ್ ಗೆದ್ದ ಮೊದಲ ಕಪ್ಪು ಕ್ವಾರ್ಟರ್‌ಬ್ಯಾಕ್ ಆದ. ಮಾತಿನಲ್ಲಿ ಈ ಭೇದ ಹೆಚ್ಚು ಕಾಲ ಉಳಿಯಿತು: ಒಬ್ಬನನ್ನು ಹೊಗಳುವಾಗ 'ಬುದ್ಧಿವಂತ, ಆಟ ಓದಬಲ್ಲವನು' ಎನ್ನುವುದು, ಇನ್ನೊಬ್ಬನನ್ನು ಹೊಗಳುವಾಗ 'ಮೈಕಟ್ಟು, ವೇಗ' ಎಂದು ನಿಲ್ಲಿಸುವುದು. ಕಾಲೇಜು ಆಟದ ಅತ್ಯುನ್ನತ ಹೈಸ್ಮನ್ ಪ್ರಶಸ್ತಿ ಪಡೆದಿದ್ದ ಲಮಾರ್ ಜ್ಯಾಕ್ಸನ್‌ಗೂ 2018ರಲ್ಲಿ ರಿಸೀವರ್ ಆಗು ಎಂಬ ಸಲಹೆ ಬಂತು.

ವಿಮರ್ಶಕರು ತಪ್ಪಿದ್ದನ್ನು ಯಾವತ್ತಾದರೂ ಒಪ್ಪಿಕೊಳ್ಳುತ್ತಾರೆಯೇ?

ಕೆಲವರು ಒಪ್ಪುತ್ತಾರೆ. ಜ್ಯಾಕ್ಸನ್‌ಗೆ ಆ ಸಲಹೆ ಕೊಟ್ಟವರಲ್ಲಿ ಪ್ರಮುಖರು ಬಿಲ್ ಪೋಲಿಯನ್, ಅಂದರೆ ಪೇಟನ್ ಮ್ಯಾನಿಂಗ್‌ನನ್ನು ಆರಿಸಿದ ತಂಡದ ಆಗಿನ ಮುಖ್ಯಸ್ಥರು, ಹಾಲ್ ಆಫ್ ಫೇಮ್ ಸದಸ್ಯರು. 2019ರಲ್ಲಿ ಜ್ಯಾಕ್ಸನ್ 36 ಟಚ್‌ಡೌನ್ ಪಾಸ್ ಎಸೆದು ಸರ್ವಾನುಮತದಿಂದ ಅತ್ಯಮೂಲ್ಯ ಆಟಗಾರನಾದ ಋತುವಿನಲ್ಲೇ ಅವರು ತಾವು ತಪ್ಪಿದ್ದಾಗಿ ಬಹಿರಂಗವಾಗಿ ಹೇಳಿದರು. ಅಷ್ಟು ದೊಡ್ಡವರು ಹಾಗೆ ಹೇಳಿದ್ದನ್ನು ನಾನು ಗೌರವದಿಂದ ನೆನೆಯುತ್ತೇನೆ.

ಹಾಗಾದರೆ ಎಲ್ಲರಿಗೂ ಕಾಯುತ್ತಾ ಕೂರಬೇಕೇ? ಎಲ್ಲರೂ ಆಲನ್ ಆಗುತ್ತಾರೆಯೇ?

ಆಗುವುದಿಲ್ಲ. ನಮ್ಮ ನೆನಪಿನಲ್ಲಿ ಉಳಿಯುವುದು ಎಡವಿ ಎದ್ದವರು. ಎಡವಿ ಬಿದ್ದವರು ಸಂಖ್ಯೆಯಲ್ಲಿ ಹೆಚ್ಚು. 2007ರ ಮೊದಲ ಆಯ್ಕೆ ಜಮಾರ್ಕಸ್ ರಸೆಲ್ ಮೂರೇ ಋತು ಆಡಿದ. 2021ರ ಎರಡನೆಯ ಆಯ್ಕೆ ಜ್ಯಾಕ್ ವಿಲ್ಸನ್ ಮೂರು ವರ್ಷದಲ್ಲಿ ತಂಡ ಬಿಟ್ಟ; ಮೂರನೆಯ ಆಯ್ಕೆ ಟ್ರೇ ಲ್ಯಾನ್ಸ್ ಕಣಕಾಲು ಮುರಿದುಕೊಂಡು, ಸ್ಯಾನ್ ಫ್ರಾನ್ಸಿಸ್ಕೊ ಪರ ಆರಂಭಿಕನಾಗಿ ನಾಲ್ಕೇ ಪಂದ್ಯ ಆಡಿ ಹೊರಟ. ಜೋಶ್ ರೋಸನ್‌ಗೆ ಮಾತ್ರ ನ್ಯಾಯವಾದ ವಿಚಾರಣೆಯೇ ಆಗಲಿಲ್ಲ ಎಂದು ನನ್ನ ಭಾವನೆ: 2018ರಲ್ಲಿ ದಾಳಿಯ ಕೋಚ್‌ರನ್ನು ಋತುವಿನ ನಡುವೆ, ಮುಖ್ಯ ಕೋಚ್‌ರನ್ನು ಕೊನೆಯಲ್ಲಿ ತೆಗೆದರು, ಮರುವರ್ಷದ ಡ್ರಾಫ್ಟಿನಲ್ಲಿ ಕೈಲರ್ ಮರೆಯನ್ನು ತಂದು ಇವನನ್ನು ಮಯಾಮಿಗೆ ಕಳುಹಿಸಿದರು.

ಕಾಯುವುದಕ್ಕೆ ಅರ್ಥ ಬರುವುದು ಏನಾದರೂ ಬದಲಾಗುತ್ತಿದ್ದರೆ ಮಾತ್ರ. ಆಲನ್‌ನ ಶೇಕಡಾವಾರು ಎರಡನೆಯ ವರ್ಷವೇ ಆರು ಅಂಕ ಏರಿತ್ತು, ಇಂಟರ್‌ಸೆಪ್ಷನ್ ಇಳಿದಿತ್ತು. ಹ್ಯೂಸ್ಟನ್ನಿನ ಆ ಒಂದು ಎಸೆತದ ಗದ್ದಲದಲ್ಲಿ ಅದು ಅನೇಕರಿಗೆ ಕಾಣಲಿಲ್ಲ.

ನನ್ನ ಮಗ ಬ್ರೈಸ್ ಯಂಗ್ ಅಭಿಮಾನಿ. ಅವನ ಆಟ ನೋಡುವಾಗ ಏನನ್ನು ಗಮನಿಸಬೇಕು?

ಯಂಗ್‌ನನ್ನು ಪಡೆಯಲು ಕ್ಯಾರೊಲೈನಾ 2023ರಲ್ಲಿ ಶಿಕಾಗೋಗೆ ತನ್ನ ಒಳ್ಳೆಯ ರಿಸೀವರ್ ಡಿ. ಜೆ. ಮೂರ್‌ನನ್ನೂ ಹಲವು ಡ್ರಾಫ್ಟ್ ಸರದಿಗಳನ್ನೂ ಕೊಟ್ಟಿತು. ಅದರಲ್ಲೊಂದು ಸರದಿಯಲ್ಲೇ ಶಿಕಾಗೋ ಮರುವರ್ಷ ಕೇಲಬ್ ವಿಲಿಯಮ್ಸ್‌ನನ್ನು ಆರಿಸಿತು. ಚೆಂಡು ಎಸೆಯುವವನನ್ನು ತರಲು ಹಿಡಿಯುವವನನ್ನೇ ಕೊಟ್ಟಂತಾಯಿತು. ಮೊದಲ ವರ್ಷ 62 ಸ್ಯಾಕ್, ಆಡಿದ 16 ಪಂದ್ಯಗಳಲ್ಲಿ ಎರಡೇ ಗೆಲುವು, 11 ಪಂದ್ಯಕ್ಕೇ ಕೋಚ್ ಬದಲು. 2024ರಲ್ಲಿ ಎರಡು ಪಂದ್ಯ ಆಡಿಸಿ ಬೆಂಚಿಗೆ ಕಳುಹಿಸಿದರು. ಅವನ ಜಾಗದಲ್ಲಿ ಆಡುತ್ತಿದ್ದ ಹಿರಿಯ ಆ್ಯಂಡಿ ಡಾಲ್ಟನ್ ಅಕ್ಟೋಬರಿನಲ್ಲಿ ಕಾರು ಅಪಘಾತದಲ್ಲಿ ಹೆಬ್ಬೆರಳು ನೋಯಿಸಿಕೊಂಡದ್ದರಿಂದ ಯಂಗ್‌ಗೆ ಮತ್ತೆ ಅವಕಾಶ ಸಿಕ್ಕಿತು.

ಮಗನ ಜೊತೆ ಆ ಋತುವಿನ ಸೆಪ್ಟೆಂಬರಿನ ಒಂದು ಪಂದ್ಯ, ಆಮೇಲೆ ಡಿಸೆಂಬರಿನ ಒಂದು ಪಂದ್ಯ ಹಾಕಿಕೊಂಡು ನೋಡಿ. ಅಂಕಪಟ್ಟಿ ಬದಿಗಿಟ್ಟು ಮೂರು ಸಂಗತಿ ಗಮನಿಸಿ: ಹಿಂದೆ ಸರಿದ ಕೊನೆಯ ಹೆಜ್ಜೆ ಊರಿದೊಡನೆ ಚೆಂಡು ಕೈಬಿಡುತ್ತಿದೆಯೇ, ಎದುರಾಳಿ ಹತ್ತಿರ ಬಂದಾಗ ಹಿಂದಕ್ಕೆ ಓಡುತ್ತಾನೋ ಮುಂದಕ್ಕೆ ಒಂದು ಹೆಜ್ಜೆ ಇಟ್ಟು ಎಸೆಯುತ್ತಾನೋ, ಒಂದು ತಪ್ಪಾದ ಮೇಲೆ ಅದೇ ತಪ್ಪು ಮುಂದಿನ ವಾರ ಮತ್ತೆ ಬರುತ್ತದೆಯೇ. ಸೆಪ್ಟೆಂಬರಿನಲ್ಲಿ ಯಂಗ್ ಹಿಂದಕ್ಕೆ ಹಿಂದಕ್ಕೆ ಸರಿಯುತ್ತಿದ್ದ. ಡಿಸೆಂಬರಿನಲ್ಲಿ ಮುಂದಕ್ಕೆ ಹೆಜ್ಜೆ ಇಟ್ಟು, ಪೆಟ್ಟು ಬೀಳುತ್ತದೆಂದು ಗೊತ್ತಿದ್ದೂ ಎಸೆಯುತ್ತಿದ್ದ. 2025ರ ಜನವರಿ 5ರಂದು ಅಟ್ಲಾಂಟಾ ಎದುರಿನ ಋತುವಿನ ಕೊನೆಯ ಪಂದ್ಯದಲ್ಲಿ ಮೂರು ಟಚ್‌ಡೌನ್ ಎಸೆದು, ಎರಡನ್ನು ಓಡಿ ಗಳಿಸಿ, ಹೆಚ್ಚುವರಿ ಸಮಯದಲ್ಲಿ ತಂಡವನ್ನು 44-38ರಿಂದ ಗೆಲ್ಲಿಸಿದ. ಆಗ ಅವನಿಗೆ 23 ವರ್ಷ.